ಹಗ್ಗ ಹಿಡಿದವರ ಪಾಲು

ಕಾರ್ಕಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ಗಂಟಲು ಒಣಗಿಸಿಕೊಂಡವಳು ನಾನು. ಹೊಟ್ಟೆ ತುಂಬಿದ್ದು ಮಾತ್ರ ಹುಟ್ಟೂರು ಕಾಪುವಿನಲ್ಲಿ, ದೊಡ್ಡಮ್ಮನ ಪಾಲಿನ ಮೀನಿನಿಂದ.

ನಮ್ಮಲ್ಲಿ ಕೈರಂಪಣಿ ಅಂತ ಉಂಟು. ದೋಣಿಯಲ್ಲಿ ಹೋಗಿ ಕಡಲಿಗೆ ದೊಡ್ಡ ಬಲೆ ಸುತ್ತು ಹಾಕಿ ಬರುತ್ತಾರೆ; ದಡದಲ್ಲಿ ಊರವರು ಎರಡೂ ಕಡೆಯ ಹಗ್ಗ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು. ಗಟ್ಟಿಗನೋ ಮುದುಕಿಯೋ ಅಂತ ಯಾರೂ ನೋಡುವುದಿಲ್ಲ. ಗಂಡನನ್ನು ಕಳೆದುಕೊಂಡ ನನ್ನ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದಳು. ಎಳೆಯುವುದಕ್ಕಿಂತ ಗಂಡಸರನ್ನು ಬೈಯುವುದೇ ಹೆಚ್ಚು. ಮರಿ ಮೀನು ಬಿದ್ದರೆ ಬೊಗಸೆ ತುಂಬಿ ತಿರುಗಿ ನೀರಿಗೆ ಬಿಡುವವಳೂ ಅವಳೇ. ಬುಟ್ಟಿಯಲ್ಲಿ ಬಂದ ಭೂತಾಯಿ ಮೀನಿಗೆ ಮೆಣಸು, ಹುಳಿ ಅರೆದು ಹಾಕಿ ಪುಳಿಮುಂಚಿ ಮಾಡಿದರೆ, ಅಬ್ಬಾ, ಈಗಲೂ ಬಾಯಲ್ಲಿ ನೀರು ಬರುತ್ತದೆ.

ಕೆಲವು ವರ್ಷಗಳ ಹಿಂದೆ ಆ ದಡವನ್ನು ಬಲೆಗೆ ಬಿಡುವುದೋ, ಪ್ರವಾಸಿಗರ ಕಾರು ನಿಲ್ಲಿಸಲಿಕ್ಕೆ ಕೊಡುವುದೋ ಎಂಬ ಮಾತು ಬಂತು. ಯಾವುದರಿಂದ ಊರಿಗೆ ಆದಾಯ ಹೆಚ್ಚು ಅಂತ ತಿಳಿಯಲು ಒಂದು ಸಮೀಕ್ಷೆ. ಊರಿನವಳೆಂದು ನನ್ನನ್ನೇ ಕರೆದರು. ನಾನೋ, ಮಣಿಪಾಲದಲ್ಲಿ ಕಲಿತ ಜಂಬದಲ್ಲಿ, ಮಾರಿದ ಮೀನನ್ನು ಮಾತ್ರ ಬರೆದುಕೊಂಡೆ. ತಿಂದದ್ದು, ಆಚೆಮನೆಗೆ ಕೊಟ್ಟದ್ದು ಯಾವ ಕಾಲಮಿನಲ್ಲೂ ಸೇರಲಿಲ್ಲ. ದೊಡ್ಡಮ್ಮ ಮೀನು ಮಾರಿದವಳೇ ಅಲ್ಲ. ಅವಳ ಹೆಸರಿನ ಮುಂದೆ ಉದ್ಯೋಗ ಇಲ್ಲ, ಆದಾಯ ಇಲ್ಲ ಅಂತ ಬರೆದದ್ದು ಇದೇ ಕೈ. ಅದೂ ಅವಳ ಮನೆಯಲ್ಲೇ ಕೂತು, ಅವಳು ಬಡಿಸಿದ ಮೀನು ತಿಂದ ಮೇಲೆ.

ಕಾರುಗಳು ಗೆದ್ದವು. ಬಲೆ ದೂರದ ದಡಕ್ಕೆ ಹೋಯಿತು. ಅಷ್ಟು ನಡೆಯಲಿಕ್ಕೆ ದೊಡ್ಡಮ್ಮನ ಮೊಣಕಾಲು ಕೇಳಲಿಲ್ಲ. ಹಗ್ಗವೂ ಹೋಯಿತು, ಪಾಲೂ ಹೋಯಿತು, ಬೈಯಲಿಕ್ಕೆ ಗಂಡಸರೂ ಇಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಕಳೆದ ವಾರ ಉಡುಪಿಯಿಂದ ದೊಡ್ಡಮ್ಮನಿಗೆ ಭೂತಾಯಿ ಕೊಂಡುಹೋದೆ. ಕಿವಿರು ಎತ್ತಿ ನೋಡಿ, ತಾಜಾ ಉಂಟು ಅಂದಳು. ಚೆಂದಕ್ಕೆ ಪುಳಿಮುಂಚಿ ಮಾಡಿ ನನಗೆ ಬಡಿಸಿದಳು. ತಾನು ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಕೂತಳು. ಮೀನು ಬೇಡವಾ ಅಂತ ಕೇಳಿದೆ.

"ನೀನು ತಿನ್ನು ಮಗಾ. ಹಗ್ಗ ಎಳೆಯದೆ ತಿಂದು ನನಗೆ ಅಭ್ಯಾಸ ಇಲ್ಲ."