ಕುದುರೆಗೆ ನೆಲ ನೋಡುವ ಶಾಸ್ತ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಧಾರವಾಡದಲ್ಲಿ ಇತಿಹಾಸ ಕಲಿಸುತ್ತ ಎಷ್ಟೋ ಅಶ್ವದಳಗಳನ್ನು ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಓಡಿಸಿದ ನಾನು, ಒಮ್ಮೆಯೂ ಕುದುರೆಯ ಮೇಲೆ ಕುಳಿತವನಲ್ಲ. ಮದುವೆಯ ದಿನ ಬೀಗರು ಕೂಡಿಸಲು ನೋಡಿದರು. ನಾನು ಹೊಟ್ಟೆನೋವಿನ ನೆಪ ಹೇಳಿ ಜೀಪು ಹತ್ತಿದೆ. ಯಾವ ರಾಜನ ಹತ್ತಿರ ಎಷ್ಟು ಕುದುರೆ ಇದ್ದವು ಎಂದು ಕೇಳಿದ ವಿದ್ಯಾರ್ಥಿಗಳಿದ್ದರು. ಅವು ಎಂಥ ನೆಲದ ಮೇಲೆ ಓಡುತ್ತಿದ್ದವು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ನೀರು ಕುಡಿಯಲು ಹೊರಗೆ ಹೋಗುತ್ತಿದ್ದೆ. ನಮ್ಮ ವೀರಗಲ್ಲುಗಳನ್ನೇ ನೋಡಿ, ಕುದುರೆಯ ಮುಂಗಾಲು ಯಾವಾಗಲೂ ಗಾಳಿಯಲ್ಲಿರುತ್ತದೆ. ಕಾಲಿನ ಕೆಳಗಿನ ಸಂಗತಿಯನ್ನು ಶಿಲ್ಪಿಯೂ ಜಾಣತನದಿಂದ ತಪ್ಪಿಸಿದ್ದಾನೆ.

ಆ ಪ್ರಶ್ನೆ ನಿವೃತ್ತಿಯ ನಂತರ ಮನೆಗೇ ಬಂತು, ಮಗಳ ರೂಪದಲ್ಲಿ. ಗೌರಿ ದನದ ಡಾಕ್ಟರು. ಕಲಿಯುವಾಗಲೇ ಕುದುರೆ ಸವಾರಿಯ ರುಚಿ ಹತ್ತಿತ್ತು. ಒಂದು ದಿನ ಹಳೇ ಹುಬ್ಬಳ್ಳಿಯ ಖಾದರಸಾಬ ತಮ್ಮ ಬಿಳಿ ಕುದುರೆಯನ್ನು ಅವಳಿಗೆ ತೋರಿಸಲು ತಂದರು. ಹೆಸರು ಹೀರಾ. ಹದಿನಾಲ್ಕು ವರ್ಷ ಮದುವೆ ಮೆರವಣಿಗೆಗಳಲ್ಲಿ ಹುಬ್ಬಳ್ಳಿಯ ಅರ್ಧ ಮದುಮಕ್ಕಳನ್ನು ಹೊತ್ತು ನಡೆದವಳು. ಡಾಂಬರಿನ ಮೇಲೆ ನಡೆದು ನಡೆದು ಮುಂಗಾಲು ಸೋತಿದ್ದವು. ಇವಳಿಗೆ ಇನ್ನು ಮೆತ್ತನೆಯ ನೆಲ ಬೇಕು, ಅಲ್ಲಿ ದಿನಾ ಸ್ವಲ್ಪ ಸ್ವಲ್ಪ ನಡೆಸಿದರೆ ಇನ್ನೂ ಹತ್ತು ವರ್ಷ ಸುಖವಾಗಿರುತ್ತಾಳೆ ಎಂದು ಗೌರಿ ಹೇಳಿದಳು. "ಅಂಥಾ ನೆಲಾ ನಿಮ್ಮ ಹತ್ರ ಇದ್ರ ನೀವ ಇಟಗೋರಿ ಡಾಕ್ಟರಬಾಯಿ," ಎಂದರಂತೆ ಖಾದರಸಾಬ. "ಆದ್ರ ನೆಲಾ ನಾ ಕಣ್ಣಾರೆ ನೋಡಿ ಕೊಡಾವ." ಹೆಣ್ಣು ಕೊಡುವವರು ವರನ ಮನೆ ನೋಡಲು ಬರುತ್ತಾರಲ್ಲ, ಅದೇ ಶಾಸ್ತ್ರ. ಮಗಳು ಒಪ್ಪಿ ಬಂದಳು.

ಸತ್ತೂರಿನ ಆಚೆ ನಮ್ಮ ಪಾಲಿನ ಸ್ವಲ್ಪ ಎರೆಹೊಲ ಇದೆ. ಅದನ್ನು ನೋಡಿಕೊಳ್ಳುವವರು ನನ್ನ ತಂದೆಯ ತಮ್ಮ, ಶಿವಪ್ಪ ಕಾಕಾ. ಎಂಬತ್ತು ದಾಟಿದ್ದಾರೆ, ಯಾರ ಮಾತನ್ನೂ ಕೇಳುವ ಅಭ್ಯಾಸವಿಲ್ಲ. ಗೌರಿ ಹತ್ತು ದಿನದ ತರಬೇತಿಗೆ ಊರು ಬಿಡುವ ಮೊದಲು ಆ ಹೊಲದಲ್ಲಿ ಹೀರಾಳಿಗೆ ಒಂದು ಅಂಗಳ ಮಾಡಲು ಚೀಟಿ ಬರೆದುಕೊಟ್ಟಳು: ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದ, ನೆಲ ಸಮ ಇರಬೇಕು, ನೀರು ನಿಲ್ಲಬಾರದು, ಎರೆಮಣ್ಣು ತೆಗೆದು ಕಲ್ಲು, ಗರಸು, ಮೇಲೆ ಮರಳು. ಬರೀ ಗುರುತು ಹಾಕಿಸಿ ಇಡಿ, ಉಳಿದದ್ದು ನಾನು ಬಂದ ಮೇಲೆ, ಎಂದೂ ಹೇಳಿದ್ದಳು. ನಾನು ಚೀಟಿಯನ್ನು ಕಾಕಾನಿಗೆ ಓದಿ ಹೇಳಿದೆ. ಸಮ ಎಂಬ ಮಾತಿಗೆ ಅವರ ಕಣ್ಣು ಹೊಳೆದವು. ಮರಳು ಎಂದ ಕೂಡಲೇ ಕೈ ಎತ್ತಿದರು. "ಚೊಕ್ಕ ಮಾಡಿದ ನೆಲಕ್ಕ ಯಾರರ ಉಸುಕು ಸುರೀತಾರನು? ಬರಿಯೂದ್ರಾಗ ತಪ್ಪ್ಯಾಳ ಹುಡುಗಿ."

ಇತಿಹಾಸದವನಾದ ನನಗೆ ಮೂಲ ದಾಖಲೆಯನ್ನು ನಂಬಬೇಕೆಂಬ ಪಾಠ ಗೊತ್ತಿರಬೇಕಿತ್ತು. ನಾನು ಕಾಕಾನನ್ನು ನಂಬಿದೆ. ಜೋಳದ ರಾಶಿಗೆ ಯಂತ್ರ ಬಂದ ಮೇಲೆ ಅವರಿಗೆ ಕಣ ಮಾಡುವ ಅವಕಾಶವೇ ಸಿಕ್ಕಿರಲಿಲ್ಲ. ಎಷ್ಟೋ ವರ್ಷಗಳ ಆ ಹಂಬಲವೆಲ್ಲ ಒಮ್ಮೆಲೇ ಹೊರಬಿತ್ತು. ಕಸ ಕಿತ್ತರು, ನೀರು ಹೊಡೆದರು, ಎತ್ತುಗಳಿಂದ ತುಳಿಸಿದರು, ಕಲ್ಲಿನ ಗುಂಡು ಉರುಳಿಸಿದರು, ಸಗಣಿ ಸಾರಿಸಿದರು. ನಡುವೆ ಮೇಟಿಯ ಕಂಬ ನೆಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದರು. ನಾನು ಟೊಂಕ ಕಟ್ಟಿ ನೀರಿನ ಪೈಪು ಹಿಡಿದಿದ್ದೆ. ಎಂಟನೆಯ ದಿನ ಆ ನೆಲದ ಮೇಲೆ ಸಾಸಿವೆ ಚೆಲ್ಲಿದರೂ ಒಂದೊಂದಾಗಿ ಆರಿಸಿಕೊಳ್ಳಬಹುದಿತ್ತು. ನಾವಿಬ್ಬರೂ ಅದರ ಅಂಚಿಗೆ ಕುಳಿತು ಚುರುಮುರಿ ತಿಂದೆವು. ಒಂದು ಕಾಳೂ ಕೆಳಗೆ ಬೀಳದಂತೆ ತಿಂದೆವು.

ಗೌರಿ ಊರಿಂದ ಬಂದವಳೇ ಖಾದರಸಾಬರನ್ನು ಕರೆದುಕೊಂಡು ನೇರ ಹೊಲಕ್ಕೆ ಬಂದಳು. ಅವಳ ಮುಖ ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ನನಗೆ ತಿಳಿಯಿತು. ಖಾದರಸಾಬ ಮಾತ್ರ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಂದು ಸುತ್ತು ಬಂದು, ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿದರು. ಟಕ್ ಟಕ್ ಎಂದಿತು.

"ಕಣಾ ಭಾಳ ಛಲೋ ಆಗೇತ್ರಿ ಮಾಸ್ತರ್ರ. ಜ್ವಾಳ ಬಡಕೋರಿ. ಕುದ್ರಿ ಮಾತ್ರ ನಾ ಕೊಡಂಗಿಲ್ರಿ."

"ಯಾಕೋ ಖಾದರ? ಒಂದು ಹರಳ ಸಿಕ್ಕರ ಹೇಳು," ಎಂದು ಕಾಕಾ ಮೀಸೆ ಕುಣಿಸಿದರು.

"ಹರಳಿನ ತಕರಾರಲ್ರಿ ಕಾಕಾರ. ಹದಿನಾಕ ವರ್ಷ ಡಾಂಬರಿನ ಮ್ಯಾಲ ನಡದಾಳ. ಈಗ ಇಲ್ಲಿ ತಂದ್ರ ಶಗಣಿ ಹಚ್ಚಿದ ಡಾಂಬರಾತಲ್ರಿ."

ಆಮೇಲೆ ಅವರು ಹೇಳಿದ ಮಾತು ಗೌರಿಯ ಕಣ್ಣಲ್ಲಿ ನೀರು ತರಿಸಿತು. ಅವರಿಗೂ ವಯಸ್ಸಾಗಿತ್ತು, ಕುದುರೆ ಸಾಕುವ ಶಕ್ತಿ ಇರಲಿಲ್ಲ. ಬೇರೆ ಊರಿನ ಬ್ಯಾಂಡಿನವರು ಹೀರಾಳನ್ನು ಕೇಳಿದ್ದರು. ಕಾರಹುಣ್ಣಿಮೆಯವರೆಗೆ ಕಾಯುತ್ತಾರೆ, ಆಮೇಲೆ ಅವರಿಗೇ ಕೊಡಬೇಕು. ಎಂದರೆ ಮತ್ತೆ ಮೆರವಣಿಗೆ, ಮತ್ತೆ ರಸ್ತೆ. ಗೌರಿ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಪ್ಪಾ, ಚೀಟಿ ಪೂರಾ ಓದಿದ್ರೋ ಇಲ್ಲೋ?" ಎಂದಷ್ಟೇ ಕೇಳಿದಳು.

ಮರುದಿನವೇ ಪಕ್ಕದ ಹೊಲದವರು ಬಂದು ನಮ್ಮ ಅಂಗಳದ ತುಂಬ ಮೆಣಸಿನಕಾಯಿ ಹರವಿದರು. ಇಷ್ಟು ಚಂದದ ನೆಲ ಖಾಲಿ ಬಿದ್ದರೆ ಅವರಿಗೆ ಸಂಕಟವಂತೆ. ಸೀನುತ್ತ ಸೀನುತ್ತ ನಾವು ಅಗೆತ ಸುರು ಮಾಡಿದೆವು. ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ: ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿಯನ್ನು ಇಟ್ಟುಕೊಂಡು ನಮ್ಮನ್ನಷ್ಟೇ ಕಳಿಸುತ್ತದೆ. ಅದನ್ನು ಮೊಣಕಾಲುದ್ದ ತೆಗೆಸಿ, ಸುತ್ತ ಕಾಲುವೆ ತೋಡಿಸಿ, ಕಲ್ಲು ತುಂಬಿ, ಅದರ ಮೇಲೆ ಸಣ್ಣ ಹರಳಿನ ಗರಸು ಹಾಕಿದೆವು. ಕಾಕಾ ನಾಲ್ಕು ದಿನ ಸಿಟ್ಟಿನಿಂದ ಬದುವಿನ ಮೇಲೆಯೇ ಕುಳಿತರು. ಐದನೆಯ ದಿನ ಕೂಲಿಯವರು ಗರಸಿನ ಮೇಲೆ ಗುಂಡು ಉರುಳಿಸುವ ರೀತಿ ನೋಡಿ ತಡೆಯಲಾರದೆ ಎದ್ದು ಬಂದರು. "ಹಿಂಗ ಉಳ್ಳಸ್ತಾರನೋ ಯಪ್ಪಾ, ಸರೀ ಅತ್ಲಾಗ!" ಅಲ್ಲಿಂದ ಮುಂದೆ ಆ ಕೆಲಸ ಅವರದೇ. ನೀರು ಹರಿಯಲು ಒಂದು ಬದಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಬೇಕು ಎಂದಾಗ, ಅದನ್ನು ಅಳತೆಯಿಲ್ಲದೆ ಬರಿಗಣ್ಣಿನಿಂದಲೇ ಸಾಧಿಸಿಕೊಟ್ಟವರೂ ಅವರೇ. ಮೇಟಿಯ ಕಂಬ ಮಾತ್ರ ಕೀಳಬಾರದೆಂದು ಹಟ ಹಿಡಿದರು. ನಡುವೆ ಕಂಬವಿದ್ದರೆ ಕುದುರೆ ಕೂಡ ರಾಶಿ ತುಳಿಯುವ ಹಂತಿಯ ಎತ್ತಿನಂತೆ ತಿರುಗಬೇಕಾಗುತ್ತದೆ ಎಂದು ಗೌರಿ ರಮಿಸಿ ಹೇಳಿ, ಅದನ್ನು ಬೇಲಿಯ ಹೊರಗೆ ನೆಡಿಸಿದಳು.

ಕೊನೆಗೆ ಮರಳು. ನಾಲ್ಕು ಬೆರಳಿಗಿಂತ ಹೆಚ್ಚಾದರೆ ಕುದುರೆಯ ಕಾಲು ಹೂತು ನರ ಎಳೆಯುತ್ತದೆ, ಕಡಿಮೆಯಾದರೆ ಕೆಳಗಿನ ಗರಸು ಬಡಿಯುತ್ತದೆ. ಮಗಳು ಹೆಜ್ಜೆಗೊಮ್ಮೆ ಬೆರಳಿಟ್ಟು ಅಳೆದಳು. ಅನ್ನಕ್ಕೆ ನೀರಿಡುವಾಗ ಅವಳು ಇಷ್ಟು ಶ್ರದ್ಧೆ ತೋರಿಸಿದ್ದನ್ನು ನಾನು ಕಂಡಿಲ್ಲ.

ಕಟ್ಟುವುದು ದೊಡ್ಡದಲ್ಲ, ಕಾಪಾಡುವುದು ದೊಡ್ಡದು ಎಂದು ತರಗತಿಯಲ್ಲಿ ಸಾಮ್ರಾಜ್ಯಗಳ ಬಗ್ಗೆ ಹೇಳುತ್ತಿದ್ದೆ. ಮರಳಿಗೂ ಅದು ಅನ್ವಯಿಸುತ್ತದೆಂದು ಈಗ ತಿಳಿಯಿತು. ಬಿಸಿಲಿಗೆ ಧೂಳೇಳದಂತೆ ನೀರು ಚಿಮುಕಿಸಬೇಕು. ದಿನಾ ಎಳೆದು ಸಮ ಮಾಡಬೇಕು. ಅದಕ್ಕೆ ನನ್ನ ಮದುವೆಯ ಕಬ್ಬಿಣದ ಮಂಚವನ್ನು ಬೋರಲು ಹಾಕಿ, ಹಗ್ಗದಿಂದ ಸ್ಕೂಟರಿಗೆ ಕಟ್ಟಿ ಎಳೆಯುತ್ತಿದ್ದೆ. ಹೆಂಡತಿ ಬೇಲಿಯ ಹತ್ತಿರ ನಿಂತು, "ಅವತ್ತು ಕುದ್ರಿಗೆ ಅಂಜಿ ಜೀಪ್ ಹತ್ತಿದ್ರಿ, ಇವತ್ತು ಮಂಚಾನ ಮೆರವಣಿಗಿ ಹೊಂಟೈತಿ," ಎಂದಳು. ನಾನು ಲಕ್ಷ್ಯ ಕೊಡಲಿಲ್ಲ. ಆಗ ನನ್ನ ತಲೆಯಲ್ಲಿದ್ದದ್ದು ಸಮ, ಸಮ, ಸಮ. ನಾಯಿ ಹಾದುಹೋದರೆ ಕೂಗಾಡುತ್ತಿದ್ದೆ. ಕೊಕ್ಕರೆಯೊಂದು ಇಳಿದಾಗ ಟೋಪಿ ಎಸೆದೆ. ಟೋಪಿ ಬಿದ್ದ ಗುರುತನ್ನು ಅಳಿಸಲು ಮತ್ತೆ ಮಂಚ ಎಳೆದೆ.

ಕಾರಹುಣ್ಣಿಮೆಗೆ ಎರಡು ದಿನ ಮೊದಲು ಜೋರು ಮಳೆ ಹೊಡೆಯಿತು. ಸುತ್ತಲಿನ ಹೊಲವೆಲ್ಲ ರಾಡಿ. ನಮ್ಮ ಅಂಗಳದ ನೀರು ಮಾತ್ರ ಅರ್ಧ ತಾಸಿನಲ್ಲಿ ಕಾಲುವೆಗೆ ಇಳಿದುಹೋಯಿತು. ಕಾಕಾ ಕೊಡೆ ಹಿಡಿದು ನೋಡುತ್ತ ನಿಂತಿದ್ದರು. ಒಮ್ಮೆ ಮೀಸೆ ನೀವಿಕೊಂಡರು.

ಹುಣ್ಣಿಮೆಯ ಬೆಳಿಗ್ಗೆ ಖಾದರಸಾಬ ಹೀರಾಳನ್ನೇ ಟೆಂಪೋದಲ್ಲಿ ಕರೆತಂದರು. ನೆಲ ಕುಟ್ಟಿ ನೋಡಲಿಲ್ಲ. ಬೇಲಿ ತೆಗೆದು, ಹಗ್ಗ ಬಿಚ್ಚಿ, "ನೀನ ನೋಡವಾ," ಎಂದರು. ಅವಳು ನಾಲ್ಕು ಹೆಜ್ಜೆ ಇಟ್ಟಳು, ಮೆರವಣಿಗೆಯ ರೂಢಿಯಂತೆ ನಿಂತಳು. ಮರಳು ಮೂಸಿದಳು. ಆಮೇಲೆ ಮುಂಗಾಲು ಮಡಚಿ, ಧೊಪ್ಪೆಂದು ಅಡ್ಡಬಿದ್ದಳು. ಕಾಲು ಸೋತು ಬಿದ್ದಳೆಂದು ನಾನು ಬೇಲಿಯೊಳಗೆ ಓಡಿದೆ. ಬಿದ್ದದ್ದಲ್ಲ, ನಾಲ್ಕೂ ಕಾಲು ಆಕಾಶಕ್ಕೆ ಎತ್ತಿ ಆ ಬದಿ ಈ ಬದಿ ಹೊರಳಾಡತೊಡಗಿದಳು. ಖಾದರಸಾಬ ಹೆಗಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. "ಹದಿನಾಕ ವರ್ಷದಾಗ ಇಕಿ ಹಿಂಗ ಉಳ್ಳಾಡಿದ್ದು ನಾ ನೋಡೇ ಇಲ್ರಿ ಮಾಸ್ತರ್ರ. ಎಲ್ಲಿ ಉಳ್ಳಾಡಬೇಕ ಪಾಪ, ರಸ್ತೇದಾಗ?" ಹಗ್ಗವನ್ನು ಗೌರಿಯ ಕೈಗಿಟ್ಟು ಹಿಂತಿರುಗಿ ನೋಡದೆ ಟೆಂಪೋ ಹತ್ತಿದರು.

ಮರುದಿನ ಬೆಳಿಗ್ಗೆ ನೆಲ ಸಮ ಮಾಡಲು ಹೋದೆ. ಹೀರಾ ಹೊರಳಿದ ದೊಡ್ಡ ತಗ್ಗು ಹಾಗೇ ಇತ್ತು. ಅಳಿಸಲು ಮನಸ್ಸು ಬರಲಿಲ್ಲ. ಅದೊಂದನ್ನು ಬಿಟ್ಟು ಸುತ್ತಲೂ ಸಮ ಮಾಡಿ, ಸ್ಮಾರಕವೊಂದನ್ನು ಉಳಿಸಿದ ಹೆಮ್ಮೆಯಿಂದ ನಿಂತೆ. ಅಷ್ಟರಲ್ಲಿ ಗೌರಿ ಹೀರಾಳನ್ನು ಬಿಟ್ಟಳು. ಅವಳು ಆ ತಗ್ಗಿನ ಹತ್ತಿರ ಬಂದು, ಮೂಸಿ, ಮುಖ ತಿರುಗಿಸಿ, ಬಳಸಿಕೊಂಡು ಹೋಗಿ, ನಾನು ಆಗಷ್ಟೇ ಸಮ ಮಾಡಿದ ಜಾಗದಲ್ಲಿ ಧೊಪ್ಪೆಂದು ಬಿದ್ದು ಹೊರಳಾಡಿದಳು. ನಿನ್ನೆಯ ಸುಖದ ಗುರುತು ಅವಳಿಗೆ ಬೇಕಿರಲಿಲ್ಲ, ಇವತ್ತಿನ ನೆಲ ಬೇಕಿತ್ತು. ನಾನು ಎರಡೂ ತಗ್ಗು ಮುಚ್ಚಿದೆ.