ಮುಚ್ಚಳ ತೆಗೆದಿಟ್ಟ ಕಂಪ್ಯೂಟರ್

ಹರಿಹರದಲ್ಲಿ ಟೈಪಿಂಗ್ ಕಲಿಸುವ ನಾಗರತ್ನಮ್ಮನಿಗೆ ಬಿಚ್ಚಲು ಬಾರದ ಯಂತ್ರದ ಮೇಲೆ ನಂಬಿಕೆಯಿಲ್ಲ. ಇಪ್ಪತ್ತು ವರ್ಷದಿಂದ ತನ್ನ ಆರೂ ಟೈಪ್‌ರೈಟರ್‌ಗಳನ್ನು ಪ್ರತಿ ಶನಿವಾರ ತಾನೇ ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ಎಣ್ಣೆ ಬಿಟ್ಟು ಜೋಡಿಸಿದವಳು. ಮೆಕ್ಯಾನಿಕ್ಕನ್ನು ಕರೆಸಿದ್ದೇ ಇಲ್ಲ ಎಂಬುದು ಅವಳ ಜಂಬ. ಆ ಜಂಬ ಅವಳಿಗೆ ಒಪ್ಪುತ್ತಲೂ ಇತ್ತು.

ತೊಂಬತ್ತೆಂಟರ ಹೊತ್ತಿಗೆ ಹುಡುಗಿಯರೆಲ್ಲ ಕಂಪ್ಯೂಟರ್ ಕಲಿಯಲು ದಾವಣಗೆರೆಯ ಬಸ್ ಹತ್ತತೊಡಗಿದರು. ಉಳಿದವರು ಎಂಟೇ ಜನ. "ಸೋಮವಾರದೊಳಗ ಕಂಪ್ಯೂಟರ್ ಬಂದ್ರೆ ಇಲ್ಲೇ ಇರ್ತೀವ್ರಿ ಟೀಚರ್," ಎಂದು ಅವರೂ ಗಡುವು ಕೊಟ್ಟಿದ್ದರು. ಅವರೂ ಹೋದರೆ ಬಾಗಿಲು ಹಾಕುವುದೇ.

ಹದಡಿಯಿಂದ ಬಂದ ಅಣ್ಣ ಲಿಂಗಣ್ಣ, "ಕಂಪನಿದೇ ತಗೊ ತಂಗಿ. ಸೀಲ್ ಇರ್ತೈತೆ, ಗ್ಯಾರಂಟಿ ಇರ್ತೈತೆ," ಎಂದ.

"ಸೀಲ್ ಒಡೆದ್ರೆ ಗ್ಯಾರಂಟಿ ಹೋತು ಅಂತಾರಲ್ಲಣ್ಣ. ಒಳಗೇನೈತೆ ಅಂತ ನೋಡಂಗಿಲ್ದಿದ್ರೆ ನಂಗ್ಯಾಕ ಅದು?"

ಅವಳು ಹೋಗಿದ್ದು ದಾವಣಗೆರೆಯ ಪಿ.ಜೆ. ಬಡಾವಣೆಗೆ, ರೇಡಿಯೊ ರಿಪೇರಿ ಬಿಟ್ಟು ಕಂಪ್ಯೂಟರ್ ಜೋಡಿಸುತ್ತಿದ್ದ ಹಿದಾಯತ್‌ನ ಅಂಗಡಿಗೆ. "ಎರಡು ದಿನ ಬಿಟ್ಟು ಬರ್ರಿ ಮೇಡಂ, ರೆಡಿ ಇರ್ತೈತೆ," ಎಂದ ಅವನು. ನಾಗರತ್ನಮ್ಮ ಸ್ಟೂಲು ಎಳೆದುಕೊಂಡು ಕೂತಳು. "ನೀವು ಹೇಳ್ರಿ, ನಾನು ಜೋಡಿಸ್ತೀನಿ." ಮೊದಲು ನಕ್ಕ ಹಿದಾಯತ್, ಅವಳು ಸ್ಕ್ರೂಡ್ರೈವರ್ ಹಿಡಿದ ವರಸೆ ನೋಡಿ ಬಿಡಿಭಾಗಗಳನ್ನು ಅವಳ ಮುಂದೆ ಸರಿಸಿದ. ಭಾನುವಾರ ತಾನೇ ಜೋಡಿಸಿದ ಪೆಟ್ಟಿಗೆಯನ್ನು ಕಾಲ ಬಳಿ, ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು, ಹರಿಹರದವರೆಗೂ ಬಸ್ಸಿನಲ್ಲಿ ಕೆಮ್ಮದೆ ಕೂತು ಬಂದಳು.

ಸೋಮವಾರ ಎಂಟೂ ಹುಡುಗಿಯರು ಬಂದರು. ಒಳಗಿನದೆಲ್ಲ ಕಾಣಲಿ ಎಂದು ಅವಳು ಪೆಟ್ಟಿಗೆಯ ಮುಚ್ಚಳ ತೆಗೆದೇ ಇಟ್ಟಿದ್ದಳು. ಲಿಂಗಣ್ಣ ವಿಭೂತಿ ಹಚ್ಚಿ, ಭಕ್ತಿಯಿಂದ ಮಲ್ಲಿಗೆ ಹಾರ ಏರಿಸಿದ. ಸ್ವಿಚ್ ಒತ್ತಿದ್ದೇ ತಡ, ಹಾರದ ತುದಿ ಜಾರಿ ಒಳಗಿನ ಪುಟ್ಟ ಫ್ಯಾನಿಗೆ ಸಿಕ್ಕಿತು. ಫ್ಯಾನು ಗರ್ ಎಂದು ನಿಂತೇ ಹೋಯಿತು.

"ನಾ ಹೇಳ್ಲಿಲ್ಲೇನು, ಕಂಪನಿದು ತಗೊ ಅಂತ," ಎಂದ ಲಿಂಗಣ್ಣ, ಹಾರ ತನ್ನದೇ ಎಂಬುದನ್ನು ಮರೆತವನಂತೆ.

ಹುಡುಗಿಯರು ಮುಖ ಮುಖ ನೋಡಿಕೊಂಡರು. ನಾಗರತ್ನಮ್ಮನ ಕೈ ಸುಮ್ಮನಿರಬೇಕಲ್ಲ. ಪ್ಲಗ್ ಕಿತ್ತು, ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ, ಹೂವಿನ ದಾರವನ್ನು ಎಳೆ ಎಳೆಯಾಗಿ ಬಿಡಿಸಿದಳು. ಟೈಪ್‌ರೈಟರ್ ಬ್ರಷ್ಷಿನಿಂದ ಎಸಳು ಗುಡಿಸಿದಳು. ಫ್ಯಾನು ಕೂಡಿಸಿ ಮತ್ತೆ ಸ್ವಿಚ್ ಒತ್ತಿದಾಗ ಪರದೆ ಬೆಳಗಿತು.

ಲಿಂಗಣ್ಣ ಉಳಿದ ಹಾರವನ್ನು ಮೆಲ್ಲಗೆ ಜೇಬಿಗಿಳಿಸಿದ. ನಾಗರತ್ನಮ್ಮ ಮುಚ್ಚಳ ಎತ್ತಿಕೊಂಡಳು.

"ಮುಚ್ಚಬ್ಯಾಡ್ರಿ ಟೀಚರ್," ಎಂದಳು ಮುಂದೆ ನಿಂತಿದ್ದ ಹುಡುಗಿ ಚೌಡೇಶ್ವರಿ. "ಇನ್ನೊಂದ್ಸಲ ಬಿಚ್ರಿ. ನಾವೂ ಕಲಿಬೇಕು."