ಕಾಣಿಕೆ ಎಂದು ಬರೆದವನು ನಾನು

ಅವರ ಬಲಗೈಯ ಬೆರಳ ತುದಿಗಳಿಗೆ ಸದಾ ತುಕ್ಕಿನ ಬಣ್ಣ ಅಂಟಿರುತ್ತಿತ್ತು. ಕಾಫಿ ಲೋಟ ಹಿಡಿದಾಗ, ಪುಸ್ತಕದ ಹಾಳೆ ತಿರುಗಿಸಿದಾಗ, ನನ್ನ ಡಚ್ ಬರಹದ ತಪ್ಪಿನ ಕೆಳಗೆ ಗೀಟು ಎಳೆದಾಗ ಅದೇ ಕಂದು ಬೆರಳುಗಳು. ತೊಳೆದರೆ ಹೋಗುತ್ತಿತ್ತೇನೋ. ಅವರು ತೊಳೆಯುತ್ತಿರಲಿಲ್ಲ.

ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನಲ್ಲಿ ನಮ್ಮ ಎದುರುಮನೆಯವರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ನಾನು ಅವರನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದೆ. ಅರ್ಥ ತಿಳಿದುಕೊಂಡ ಮೇಲೆ ಬೇರೆ ಏನೆಂದು ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಇನ್‌ಬರ್ಗರಿಂಗ್ ಎಂಬ ಡಚ್ ಪರೀಕ್ಷೆ ಪಾಸಾಗದೆ ಇಲ್ಲಿ ಕಾಯಂ ಆಗಿ ನೆಲೆಸುವಂತಿಲ್ಲ. ನ್ಯೂವೆಗೈನ್‌ನ ನನ್ನ ಆಫೀಸಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಐದು ವರ್ಷವಾದರೂ ನನ್ನ ಡಚ್ ಅಂಗಡಿಯಲ್ಲಿ ‘ಚೀಲ ಬೇಡ’ ಎನ್ನುವಲ್ಲಿಗೆ ನಿಂತಿತ್ತು. ಎರಡು ಸಲ ಫೇಲಾಗಿದ್ದೆ. ಸುದ್ದಿ ಕೇಳಿ ಅವರೇ ಬಂದು ಬಾಗಿಲು ತಟ್ಟಿದರು. “ಶನಿವಾರ ಹತ್ತು ಗಂಟೆಗೆ ಬಾ. ಹತ್ತು ಅಂದರೆ ಹತ್ತು.” ಎರಡು ವರ್ಷ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಗುರುದಕ್ಷಿಣೆಯೆಂದು ಚಕ್ಕುಲಿಯನ್ನಷ್ಟೇ ಒಪ್ಪಿಕೊಳ್ಳುತ್ತಿದ್ದರು.

ಅವರ ಪಾಠಕ್ಕೆ ಪುಸ್ತಕವಿರಲಿಲ್ಲ. ಮುಂದಿನ ಕೋಣೆಯಲ್ಲಿ ಕಾಂಗೋ ನದಿಯ ಕಡೆಯ ಹನ್ನೊಂದು ಮರದ ಮೂರ್ತಿಗಳಿದ್ದವು. ಅಲ್ಲಿನವರು ಅವಕ್ಕೆ ‘ಎನ್‌ಕಿಸಿ’ ಎನ್ನುತ್ತಾರೆ. ದೊಡ್ಡದು ನನ್ನ ಎದೆಯೆತ್ತರ. ಬಾಯಿ ತೆರೆದು, ಒಂದು ಕೈ ಎತ್ತಿ ನಿಂತಿತ್ತು. ಹೊಟ್ಟೆಯೊಳಗೆ ಮಂತ್ರಿಸಿದ ಮದ್ದು ತುಂಬಿ ಕನ್ನಡಿಯಿಂದ ಮುಚ್ಚಿದ್ದರು. ಮೈತುಂಬ ಕಬ್ಬಿಣದ ಮೊಳೆ. ಅದರೆದುರು ನನ್ನನ್ನು ಕೂರಿಸಿ, ಕಂಡದ್ದನ್ನು ಡಚ್‌ನಲ್ಲಿ ಹೇಳು ಎನ್ನುವರು. ಮೂಗು, ಕನ್ನಡಿ, ಮೊಳೆ, ಸಿಟ್ಟು: ನನ್ನ ಡಚ್ ಶುರುವಾದದ್ದು ಹೀಗೆ. ಮುಗಿಯಿತೆಂದು ನಾನು ಸುಮ್ಮನಾದರೆ, “ನೋಡಿದೆ ಅನ್ನಬೇಡ. ನೀನು ಇನ್ನೂ ನೋಡಿಲ್ಲ” ಎನ್ನುವರು.

ಒಂದೊಂದು ಮೊಳೆಯೂ ಒಂದೊಂದು ಆಣೆ ಎಂದು ಹೇಳಿಕೊಟ್ಟವರು ಅವರೇ. ಜಗಳ ತೀರಿದಾಗ, ಒಪ್ಪಂದವಾದಾಗ ಊರಿನವರು ಮೂರ್ತಿಯ ಮುಂದೆ ಮಾತು ಕೊಟ್ಟು ಮೊಳೆ ಹೊಡೆಯುತ್ತಿದ್ದರಂತೆ. ಮಾತಿಗೆ ತಪ್ಪಿದವನನ್ನು ಅದು ಹುಡುಕಿಕೊಂಡು ಹೋಗುತ್ತದಂತೆ. ಹೇಳುತ್ತ ಮಗುವಿನ ತಲೆ ಸವರಿದ ಹಾಗೆ ಮೊಳೆಗಳ ಮೇಲೆ ಕೈಯಾಡಿಸುತ್ತಿದ್ದರು. ಆ ಪ್ರೀತಿ ನಾಟಕವಾಗಿರಲಿಲ್ಲ. ನಾಟಕವಾಗಿದ್ದಿದ್ದರೆ ನನಗೆ ಇವತ್ತು ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಮ್ಮೆ ನನ್ನ ಹೆಂಡತಿ ಜೊತೆಗೆ ಬಂದಳು. ಉಡುಪಿ ಕಡೆಯವಳು. ದೊಡ್ಡ ಮೂರ್ತಿಗೆ ಬೆನ್ನು ಹಾಕಲಾರದೆ ಕುರ್ಚಿಯನ್ನೇ ತಿರುಗಿಸಿಕೊಂಡು ಕೂತಳು. ಮನೆಗೆ ಬಂದವಳೇ ಕೇಳಿದಳು: “ಅದು ಪ್ರಮಾಣ ಮಾಡುವ ದೈವ ಅಲ್ವಾ ಮಾರಾಯ್ರೆ? ನಮ್ಮಲ್ಲಿಯೂ ದೈವದ ಮೂರ್ತಿ ಕದ್ದು ಫಾರಿನ್ನಿಗೆ ಮಾರಿದವರು ಇದ್ದಾರೆ. ಇವರು ಕೇಳಿ ತಂದದ್ದಾ?”

“ಅವ್ರ ತಾತನ ಕಾಲದ್ದಂತೆ ಕಣೇ, ನಮಗ್ಯಾಕೆ ಬಿಡು” ಎಂದು ತೇಲಿಸಿದೆ.

ಗೊತ್ತಿಲ್ಲದೆ ತೇಲಿಸಿದ್ದಲ್ಲ. ಮೇಷ್ಟ್ರ ಅಜ್ಜ ಕಾಂಗೋ ನದಿ ಸಮುದ್ರ ಸೇರುವಲ್ಲಿ ಒಂದು ವ್ಯಾಪಾರಿ ಕೋಠಿಯ ಗುಮಾಸ್ತನಾಗಿದ್ದ. ಅವನು ಮನೆಗೆ ಬರೆದ ಕಾಗದವನ್ನು, ಹಳೆಯ ಕೈಬರಹ ಓದುವ ಪಾಠವೆಂದು ಮೇಷ್ಟ್ರು ನನ್ನಿಂದಲೇ ಓದಿಸಿದ್ದರು. ಸಿಪಾಯಿಗಳಿಗೆ ಹೆದರಿ ಊರಿನವರೆಲ್ಲ ಕಾಡಿಗೆ ಓಡಿದ್ದರು. ಖಾಲಿ ಗುಡಿಸಲಿನಿಂದ ‘ಈ ಸೈತಾನನನ್ನು’ ಇಬ್ಬರು ಕೂಲಿಗಳ ಮೇಲೆ ಹೊರಿಸಿಕೊಂಡು ಬಂದೆ ಎಂದು ಊರಿನ ಹೆಸರಿನ ಸಮೇತ ಬರೆದಿದ್ದ. ನಾನು ಓದಿ ತಲೆಯೆತ್ತಿದಾಗ ಮೇಷ್ಟ್ರು ನನ್ನ ಉಚ್ಚಾರಣೆಯನ್ನು ಹೊಗಳಿದರು.

ಪರೀಕ್ಷೆ ಪಾಸಾದೆ. ಪ್ರತಿಯಾಗಿ ಅವರ ಸಂಗ್ರಹದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದೆ. ಫೋಟೋ, ಎತ್ತರ, ಮರದ ಜಾತಿ ಎಲ್ಲ ತುಂಬಿದೆ. ದೊಡ್ಡ ಮೂರ್ತಿ ‘ಹೇಗೆ ಬಂತು’ ಎನ್ನುವ ಕಡೆ ಕೈ ನಿಂತಿತು.

“ಊರಿನ ಮುಖ್ಯಸ್ಥ ಅಜ್ಜನಿಗೆ ಕೊಟ್ಟ ಕಾಣಿಕೆ. ಬರೆ.”

“ಮೇಷ್ಟ್ರೇ, ಕಾಗದದಲ್ಲಿ…”

“ಎಲ್ಲರೂ ಹಾಗೇ ಬರೆಯುವುದು. ಕಾಣಿಕೆ ಅಂದಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.”

ಬರೆದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೂ ಬೇಕಾದಾಗ ಒಂದು ಗಾದೆ ಸಿಕ್ಕೇ ಸಿಗುತ್ತದೆ.

ಮರುವರ್ಷ ಅವರು ಆ ದೊಡ್ಡ ಮೂರ್ತಿಯನ್ನು ಒಂದು ಪ್ರದರ್ಶನಕ್ಕೆ ಎರವಲು ಕೊಟ್ಟರು. ಅದು ಮನೆಗೆ ಮರಳಿದ ವಾರವೇ ರೈಸ್‌ವೈಕ್‌ನಿಂದ ಕಾಂಗೋ ಮೂಲದ ಮಹಿಳೆಯೊಬ್ಬರು ಹುಡುಕಿಕೊಂಡು ಬಂದರು. ನರ್ಸ್, ಐವತ್ತರ ಆಸುಪಾಸು. ಮೇಷ್ಟ್ರ ಹೆಸರು, ಅವರ ಅಜ್ಜ ಕೋಠಿಯ ಗುಮಾಸ್ತನಾಗಿದ್ದದ್ದು ಪ್ರದರ್ಶನದ ಫಲಕದಲ್ಲೇ ಇತ್ತು. ಪ್ರದರ್ಶನದಲ್ಲಿ ಮೂರ್ತಿಯ ಮುರಿದ ಎಡಗಿವಿ ಕಂಡು ಮನೆಯ ಹಿರಿಯರ ಮಾತು ನೆನಪಾಯಿತಂತೆ. “ಬೆನ್ನಿನ ಮೇಲೆ ಬಟ್ಟೆ ಸುತ್ತಿದ ಡೊಂಕು ಮೊಳೆ ಒಂದಿರಬೇಕು. ನನ್ನ ಮುತ್ತಜ್ಜ ಅಣ್ಣನ ಜೊತೆ ರಾಜಿಯಾದ ದಿನ ಹೊಡೆದದ್ದು. ಒಮ್ಮೆ ತಿರುಗಿಸುತ್ತೀರಾ?”

ನಾನೂ ಮೇಷ್ಟ್ರೂ ಹಿಡಿದು ತಿರುಗಿಸಿದೆವು. ಮೊಳೆ ಇತ್ತು. ಬಣ್ಣಗೆಟ್ಟ ಬಟ್ಟೆಯೂ ಇತ್ತು. ಆಕೆ ಅದನ್ನು ಮುಟ್ಟಲಿಲ್ಲ. ಇದು ನಿಮ್ಮ ಅಜ್ಜನಿಗೆ ಹೇಗೆ ಸಿಕ್ಕಿತು ಎಂದಷ್ಟೇ ಕೇಳಿದರು.

ಮೇಷ್ಟ್ರು ನನ್ನ ಕಡೆ ಕೈ ತೋರಿದರು. “ಪಟ್ಟಿ ಇವನದು. ಇವನೇ ಹೇಳುತ್ತಾನೆ.”

“ಮುಖ್ಯಸ್ಥ ಕೊಟ್ಟ ಕಾಣಿಕೆ” ಎಂದೆ, ತಪ್ಪಿಲ್ಲದ ಡಚ್‌ನಲ್ಲಿ.

ಆಕೆ ನನ್ನನ್ನೇ ನೋಡಿದರು. “ನೀವು ಇಂಡಿಯಾದವರಲ್ಲವೇ? ನಿಮ್ಮೂರಿನಲ್ಲಿ ಗುಡಿಯ ದೇವರನ್ನು ಗುಮಾಸ್ತರಿಗೆ ಕಾಣಿಕೆ ಕೊಡುತ್ತಾರೆಯೇ?”

ಆಕೆ ಫೋನ್ ನಂಬರಿನ ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ನಾನು ಎತ್ತಿ ಜೇಬಿಗೆ ಹಾಕಿಕೊಂಡೆ.

“ಕೊಟ್ಟುಬಿಡಿ ಮೇಷ್ಟ್ರೇ.”

“ನಾನಿರುವ ತನಕ ಇರಲಿ. ಆಮೇಲೆ ಆಕೆಗೆ ಸೇರುವ ಏರ್ಪಾಡು ಮಾಡುತ್ತೇನೆ. ಮಾತು ಕೊಟ್ಟೆ.” ಆ ಮೂರ್ತಿಯ ಎದುರಿನಲ್ಲೇ ನನ್ನ ಕೈ ಹಿಡಿದು ಹೇಳಿದರು. ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಏರ್ಪಾಡು ಏನೂ ಇರಲಿಲ್ಲ. ತಂಗಿಯ ಮಗ ಬಂದು ಹನ್ನೊಂದನ್ನೂ ಹರಾಜಿಗೆ ಕಳಿಸಿದ. ಹರಾಜಿನವರ ಪುಸ್ತಕದಲ್ಲಿ ದೊಡ್ಡ ಮೂರ್ತಿಯ ಚಿತ್ರದ ಕೆಳಗೆ ನನ್ನ ವಾಕ್ಯ ಒಂದಕ್ಷರ ಬದಲಾಗದೆ ಅಚ್ಚಾಗಿತ್ತು. ಇನ್ನೂ ಹತ್ತು ದಿನವಿತ್ತು. ಆಕೆಗೆ ಫೋನ್ ಮಾಡಬಹುದಿತ್ತು. ಸಾಕ್ಷಿಯಿಲ್ಲದೆ ಏನು ಹೇಳುವುದು ಎಂದು ನೆಪ ಹೂಡಿ ಸುಮ್ಮನಿದ್ದೆ.

ಹರಾಜು ಮುಗಿದ ಮೇಲೆ ಆ ಸೋದರಳಿಯ ಒಂದು ಲಕೋಟೆ ತಂದುಕೊಟ್ಟ. ಮೇಲೆ ಮೇಷ್ಟ್ರ ಕೈಯಲ್ಲಿ ಬರೆದ ನನ್ನ ಹೆಸರು. ಒಳಗೆ ಅಜ್ಜನ ಕಾಗದ, ಅದರ ಅಂಚಿನಲ್ಲಿ ತುಕ್ಕಿನ ಬೆರಳ ಗುರುತು. ಬೇರೊಂದು ಅಕ್ಷರವಿಲ್ಲ. ಬದುಕಿದ್ದಾಗ ಆಡಲಾರದ ಮಾತನ್ನು ಸತ್ತಮೇಲೆ ನನ್ನ ತಲೆಗೆ ಕಟ್ಟಿ ಹೋಗಿದ್ದರು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದಿಲ್ಲ.

ಮರುದಿನವೇ ರೈಸ್‌ವೈಕ್‌ಗೆ ಹೋದೆ. ಆ ಹಳೆಯ ಕೈಬರಹ ಆಕೆಗೆ ತಿಳಿಯಲಿಲ್ಲ. “ನೀವೇ ಓದಿ” ಎಂದರು. ಓದಿದೆ. ಖಾಲಿ ಗುಡಿಸಲು, ಸೈತಾನ, ಇಬ್ಬರು ಕೂಲಿಗಳು, ಊರಿನ ಹೆಸರು. ಎಲ್ಲಿಯೂ ತಡವರಿಸಲಿಲ್ಲ.

“ಈಗ ಎಲ್ಲಿದೆ?”

“ಗೊತ್ತಿಲ್ಲ. ಹರಾಜಾಯಿತು. ಕೊಂಡವರ ಹೆಸರು ಹರಾಜಿನವರು ಹೇಳುವುದಿಲ್ಲವಂತೆ.”

ಆಕೆ ಕಾಗದವನ್ನು ಮಡಿಸಿ ಇಟ್ಟುಕೊಂಡರು. ಬಾಗಿಲವರೆಗೆ ಬಂದವರು, “ಚೆನ್ನಾಗಿ ಓದುತ್ತೀರಿ. ಯಾರು ಕಲಿಸಿದ್ದು?” ಎಂದು ಕೇಳಿದರು.

“ಅವರೇ” ಎಂದೆ.